ಮರದ ಪಟ್ಟಿಗಳು ಕಲಿಸಿದ ಪಾಠ

ಗಣಿತದ ಅಧ್ಯಾಪಕನೊಬ್ಬ ಸಂಗೀತವನ್ನು ಕುರಿತು ಲೇಖನ ಬರೆದಿರುವುದನ್ನು ಕಂಡು ನಮ್ಮ ಹಳೆಯ ವಿದ್ಯಾರ್ಥಿಗಳು ನಕ್ಕಾರು. ಅದಕ್ಕೆ ಕಾರಣವೂ ಉಂಟು. ಪ್ರಾರ್ಥನೆಯ ವೇಳೆಯಲ್ಲಿ ನಾನು ಹಾಡಿದುದನ್ನು ಅವರಾರೂ ಕೇಳಿಲ್ಲ. ಬಾಲ್ಯದಲ್ಲಿ, ಬೇರೊಂದು ಊರಿನ ಶಾಲೆಯಲ್ಲಿ, ಉಪಾಧ್ಯಾಯರೊಬ್ಬರು “ನಿನ್ನದು ಒಡಕು ಕಂಠ, ಬರಿದೇ ತುಟಿ ಅಲ್ಲಾಡಿಸು” ಎಂದಿದ್ದರು. ಅಂದಿನಿಂದ ಬರಿದೇ ತುಟಿ ಅಲ್ಲಾಡಿಸುತ್ತ ಬಂದವನು ನಾನು.

ನಿವೃತ್ತಿಗೆ ಮೂರು ವರ್ಷಗಳು ಉಳಿದಿದ್ದಾಗ ದಾನಿಗಳೊಬ್ಬರು ನಮ್ಮ ಕುರುಗೋಡಿನ ಶಾಲೆಗೆ ಒಂದು ಕ್ಸೈಲೋಫೋನನ್ನು ಕೊಟ್ಟರು. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ ಮರದ ನಾದವೆಂದು ಅರ್ಥ. ಈ ಬಗೆಯ ವಾದ್ಯವನ್ನು ನಮ್ಮಲ್ಲಿ ಕಾಷ್ಠತರಂಗವೆನ್ನುತ್ತಾರೆ. ಹದಿನೈದು ಮರದ ಪಟ್ಟಿಗಳು, ಬಾರಿಸಲು ಎರಡು ಕೋಲುಗಳು. ಸಂಗೀತದ ಅಧ್ಯಾಪಕರ ಸ್ಥಾನ ಆಗ ತೆರವಾಗಿದ್ದುದರಿಂದ ಅದರ ಹೊಣೆ ನನ್ನ ಕೊರಳಿಗೆ ಬಿದ್ದಿತು. ಕಂಠದ ಅಗತ್ಯವಿಲ್ಲದ ವಾದ್ಯವೆಂಬ ಒಂದೇ ಧೈರ್ಯದಿಂದ ಒಪ್ಪಿಕೊಂಡೆ.

ಲಿಪಿಯ ಅಭ್ಯಾಸ ಮೊದಲಾಯಿತು. ಪಟ್ಟಿಗಳ ಮೇಲೆ ಸಿ, ಡಿ, ಇ ಎಂಬ ಅಕ್ಷರಗಳಿದ್ದವು. ಸಿ ಎಂಬುದನ್ನೇ ಷಡ್ಜವೆಂದು ಹಿಡಿದರೆ ಸಾಲಾಗಿ ಶುದ್ಧ ಸ್ವರಗಳು ದೊರೆಯುತ್ತವೆ. ಅದೇ ಬಿಲಾವಲ್ ಥಾಟ್. ಡಿ ಎಂಬುದನ್ನು ಷಡ್ಜವೆಂದರೆ ಅವೇ ಪಟ್ಟಿಗಳು ಕಾಫಿ ಥಾಟನ್ನು ನುಡಿಯುತ್ತವೆ! ಪಂಡಿತ ಭಾತಖಂಡೆಯವರ ಲಿಪಿಯಲ್ಲಿ ಸ್ವರದ ಕೆಳಗಿನ ಚುಕ್ಕೆ ಮಂದ್ರಕ್ಕೆ, ಮೇಲಿನ ಚುಕ್ಕೆ ತಾರಕ್ಕೆ, ಕೆಳಗಿನ ಅಡ್ಡಗೆರೆ ಕೋಮಲಕ್ಕೆ, ಮಧ್ಯಮದ ಮೇಲಿನ ನಿಲುಗೆರೆ ತೀವ್ರಕ್ಕೆ. ವಾದ್ಯದೊಡನೆ ಬಂದ ಪುಸ್ತಿಕೆಯಲ್ಲಿ ಪಾಶ್ಚಾತ್ಯರ ಐದು ಗೆರೆಗಳಿದ್ದವು. ಅದನ್ನು ಏಣಿಯಂತೆ ಓದಬೇಕು: ಗೆರೆಯೊಂದು ಮೆಟ್ಟಿಲು, ಎಡೆಯೂ ಒಂದು ಮೆಟ್ಟಿಲು. ಕಣ್ಣು ಕಾಗದದ ಮೇಲಿದ್ದರೆ ಕೋಲು ದಾರಿ ತಪ್ಪುತ್ತಿತ್ತು. ಕೋಲನ್ನು ನೋಡಿದರೆ ಕಣ್ಣು ಸಾಲನ್ನು ಕಳೆದುಕೊಳ್ಳುತ್ತಿತ್ತು. ಜಾತ್ರೆಯಲ್ಲಿ ಸಮಾಳ ಕೇಳಿ ಬೆಳೆದ ಏಳನೆಯ ತರಗತಿಯ ಮಕ್ಕಳಿಗೆ ಲಯ ಆಗಲೇ ಕೈವಶವಾಗಿತ್ತು. ಅವರು ಒಂದು ವಾರದಲ್ಲಿ ಕಲಿತುದಕ್ಕೆ ನನಗೆ ಎರಡು ತಿಂಗಳು ಬೇಕಾದವು. ಕಾದ ಹಂಚನ್ನು ಮುಟ್ಟಿದಂತೆ ತಾಗಿಸಿ ಒಡನೆಯೇ ಕೋಲನ್ನೆತ್ತಬೇಕೆಂಬುದನ್ನು ಅವರಿಂದಲೇ ಕಲಿತೆ.

ಗಣಿತದವನ ಚಪಲ ಬಿಡಲಿಲ್ಲ, ಪಟ್ಟಿಗಳನ್ನು ಅಳೆದೆ. ತಂತಿಯನ್ನು ಅರ್ಧಕ್ಕೆ ಒತ್ತಿದರೆ ಮೇಲಿನ ಷಡ್ಜ ಬರುತ್ತದೆ. ಅದರಂತೆ 30 ಸೆಂಟಿಮೀಟರಿನ ಪಟ್ಟಿಗೆ ಮೇಲಿನ ಷಡ್ಜ 15 ಇರಬೇಕೆಂದು ಎಣಿಸಿದ್ದೆ. ಇದ್ದುದು 21! ಒಂದೇ ದಪ್ಪದ ಪಟ್ಟಿಯಲ್ಲಿ ಕಂಪನವು ಉದ್ದದ ವರ್ಗಕ್ಕೆ ವಿಲೋಮವಾಗಿರುತ್ತದೆ; ಆದುದರಿಂದ ಅರ್ಧದಷ್ಟು ಉದ್ದದ ಪಟ್ಟಿ ಎರಡು ಸಪ್ತಕ ಮೇಲಕ್ಕೆ ನುಡಿಯುತ್ತದೆ.

ಒಂದು ದಿನ ಪಂಚಮದ ಪಟ್ಟಿ ಮೂಕವಾಯಿತು. ಮರ ಕೆಟ್ಟಿತೆಂದು ತೀರ್ಮಾನಿಸಿ, ಬೇರೆಯದನ್ನು ಮಾಡಿಸೋಣವೆಂದೆ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗನಿದ್ದ. ಪ್ರಶ್ನೆ ಕೇಳಿದರೆ ತೊದಲುತ್ತಿದ್ದ ಅವನಿಗೆ “ನೀನು ಸುಮ್ಮನೆ ಕುಳಿತುಕೋ” ಎಂದು ವರ್ಷದ ಆರಂಭದಲ್ಲಿಯೇ ನಾನು ಹೇಳಿದ್ದೆ. ಅವನೇ ಎದ್ದು ಬಂದು ಪಟ್ಟಿಯನ್ನು ಬಗ್ಗಿ ನೋಡಿ, ಮೆಲ್ಲಗೆ, “ಮರ ಚಲೋ ಐತ್ರಿ ಸಾರ್, ಮೊಳಿ ಬಿಗಿ ಆಗೈತಿ” ಎಂದ.

ಮೊಳೆಯನ್ನು ಬಿಗಿದವನು ನಾನೇ. ಪಟ್ಟಿ ಜಾರೀತೆಂಬ ಭಯದಿಂದ ಹಿಂದಿನ ದಿನ ಬಡಿದಿದ್ದೆ. ಬಾರಿಸಿದಾಗ ಪಟ್ಟಿಯ ಎರಡು ತಾಣಗಳು ಮಾತ್ರ ಅಲುಗದೆ ನಿಲ್ಲುತ್ತವೆ. ತುದಿಯಿಂದ ಉದ್ದದ ನೂರಕ್ಕೆ ಸುಮಾರು 22 ಪಾಲು ಒಳಗೆ. ಅಲ್ಲಿ ಹಗುರವಾಗಿ ಆಧಾರ ಕೊಟ್ಟರೆ ಉಳಿದ ಮೈಯೆಲ್ಲ ನುಡಿಯುತ್ತದೆ. ಬಿಗಿಹಿಡಿದರೆ ಒಳ್ಳೆಯ ಮರವೂ ಮೂಗುವಡೆಯುತ್ತದೆ. ಹುಡುಗ ಮೊಳೆಯನ್ನು ಸಡಿಲಿಸಿ ಬಾರಿಸಿದ. ಪಂಚಮ ತುಂಬಿ ಬಂದಿತು. ನನಗೆ ಮಾತ್ರ ನಾಲಗೆ ಬರಲಿಲ್ಲ. ಯಾವ ಮಾತು ನನ್ನನ್ನು ಐವತ್ತು ವರ್ಷ ಮೂಕನನ್ನಾಗಿಸಿತ್ತೋ ಅದೇ ಮಾತನ್ನು ನಾನು ಆ ಕೂಸಿಗೆ ಆಡಿದ್ದೆ.

ಮುಂದಿನ ಭಾನುವಾರ ಮಕ್ಕಳನ್ನು ಬಳ್ಳಾರಿಯ ಬಳಿಯ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳಿಗೆ ಕರೆದೊಯ್ದೆ. ನವಶಿಲಾಯುಗದ ಜನ ನೆಲೆಸಿದ್ದ ತಾಣವದು. ಅಲ್ಲಿನ ಕೆಲವು ಕರಿಯ ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ದನಿಗೊಡುತ್ತವೆ. ತಟ್ಟಿ ತಟ್ಟಿ ಮೂಡಿದ ಗುಳಿಗಳೂ ಇವೆ. ನಿಕೋಲ್ ಬೋವಿನ್ ಎಂಬ ವಿದುಷಿ 2004ರಲ್ಲಿ ಇವನ್ನು ಕುರಿತು ಬರೆದಾಗ ಲೋಕದ ಗಮನ ಇತ್ತ ಹರಿಯಿತು. ನಾವು ಬಂಡೆಗಳನ್ನು ಬಡಿಯಲಿಲ್ಲ. ಗುಳಿಗಳನ್ನು ನೋಡಿ ಬಂದೆವು. ನಮ್ಮ ನೆಲದ ಕಲ್ಲೇ ನುಡಿಯುವಾಗ ಮಗುವೊಂದನ್ನು ನುಡಿಯದೆಂದು ತೀರ್ಪು ಕೊಡಲು ನಾನಾರು ಎಂಬ ವಿಚಾರ ಹಿಂದಿರುಗುವ ದಾರಿಯುದ್ದಕ್ಕೂ ಕಾಡಿತು.

ಆ ವರ್ಷದ ವಾರ್ಷಿಕೋತ್ಸವದಲ್ಲಿ ಆ ಹುಡುಗ ಕಾಷ್ಠತರಂಗವನ್ನು ಬಾರಿಸಿದ. ಲಿಪಿಯ ಹಾಳೆಯನ್ನು ತಿರುವಿದವನು ನಾನು. ಮರುದಿನದ ಪ್ರಾರ್ಥನೆಯಲ್ಲಿ ನಾನು ದನಿಗೂಡಿಸಿ ಹಾಡಿದೆ. ಕಂಠ ಒಡಕೇ ಇತ್ತು, ಯಾರೂ ನಗಲಿಲ್ಲ. ವಾದ್ಯವನ್ನಿತ್ತ ದಾನಿಗಳಿಗೂ, ಮೊಳೆಯನ್ನು ಸಡಿಲಿಸಿದ ಆ ಶಿಷ್ಯನಿಗೂ ನಾನು ಋಣಿ.