ಕಡಲಂಚಿನ ಹಾದಿಯಲ್ಲಿ ನಾಲ್ಕು ದಿನ

ನನ್ನ ಯಜಮಾನರು ಕಾಲವಾದ ಮರುವರ್ಷ, 2023ರ ಜುಲೈ ತಿಂಗಳಲ್ಲಿ, ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿರುವ ಮಗಳು ನನ್ನನ್ನು ತನ್ನಲ್ಲಿಗೆ ಕರೆಯಿಸಿಕೊಂಡಳು. ತಂದೆಯ ಅಂತ್ಯಕಾಲಕ್ಕೆ ಆಕೆ ಬಂದು ಸೇರಲಾಗಿರಲಿಲ್ಲ. ಆ ಮಾತನ್ನು ಆಕೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದು ದಿನ, “ಅಮ್ಮಾ, ಕಡಲತೀರದ ಊರುಗಳನ್ನು ನೋಡಿಬರೋಣ” ಎಂದು ಬಾಡಿಗೆಯ ಕ್ಯಾರವಾನೊಂದನ್ನು ತಂದು ನಿಲ್ಲಿಸಿದಳು.

ಕ್ಯಾರವಾನೆಂದರೆ ಮೋಟಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ. ಎರಡು ಮಂಚ, ಒಂದು ಒಲೆ, ಮಡಚುವ ಮೇಜು, ಇಷ್ಟೇ ಸಂಸಾರ. ಇಂಥ ಗಾಡಿಗಳು ತಂಗಲು ಆ ಊರುಗಳಲ್ಲಿ ನೀರು, ವಿದ್ಯುತ್ತು, ಸ್ನಾನಗೃಹಗಳುಳ್ಳ ಬಯಲುಗಳುಂಟು. ಮೊದಲನೆಯ ಸಂಜೆ ಲಾರ್ನ್ ಎಂಬ ಊರಿನಲ್ಲಿ ಮಗಳು ಗಾಡಿಯನ್ನು ಹಿಂದಕ್ಕೆ ನಡೆಸಲಾರದೆ ಕಂಗೆಟ್ಟಳು. ಚಕ್ರವನ್ನು ಬಲಕ್ಕೆ ತಿರುಗಿಸಿದರೆ ಕ್ಯಾರವಾನು ಎಡಕ್ಕೆ ಹೊರಳುವುದು! ನೆರೆಯ ಗಾಡಿಯ ವೃದ್ಧ ದಂಪತಿಗಳು ಬಂದು ಕೈಸನ್ನೆಯಿಂದ ದಾರಿ ತೋರಿ, ಬಿಸಿ ಚಹವನ್ನೂ ಕೊಟ್ಟರು. ಬಹುದಿನಗಳ ಮೇಲೆ ನಾವಿಬ್ಬರೂ ನಕ್ಕೆವು.

ನಾವು ಹಿಡಿದಿದ್ದುದು ಗ್ರೇಟ್ ಓಷನ್ ರೋಡ್ ಎಂಬ, ಸುಮಾರು 240 ಕಿಲೋಮೀಟರುಗಳ ಹಾದಿ. ಒಂದು ಕಡೆ ಬೆಟ್ಟ, ಒಂದು ಕಡೆ ಮೊರೆಯುವ ದಕ್ಷಿಣ ಸಮುದ್ರ. ಮೊದಲನೆಯ ಮಹಾಯುದ್ಧದಿಂದ ಹಿಂದಿರುಗಿದ ಸುಮಾರು 3,000 ಸೈನಿಕರು, ಮಡಿದ ತಮ್ಮ ಸಂಗಡಿಗರ ಸ್ಮಾರಕವಾಗಿ, 1919ರಿಂದ 1932ರವರೆಗೆ ಗುದ್ದಲಿ ಪಿಕಾಸಿಗಳಿಂದ ಇದನ್ನು ಕಡಿದರಂತೆ. ಕಲ್ಲುಕಂಬವನ್ನು ನೆಟ್ಟು ಸುಮ್ಮನಾಗದೆ, ಅನ್ಯರು ನಡೆಯುವ ದಾರಿಯನ್ನೇ ಸ್ಮಾರಕವಾಗಿಸಿದ ಆ ಬುದ್ಧಿ ನನಗೆ ಬಹಳ ಹಿಡಿಸಿತು.

ಮೂರನೆಯ ದಿನ, ಪೋರ್ಟ್ ಕ್ಯಾಂಪ್‌ಬೆಲ್ಲಿನ ಬಳಿ, ದ್ವಾದಶ ಅಪೊಸ್ತಲರೆಂದು ಹೆಸರಾದ ಸುಣ್ಣಕಲ್ಲಿನ ಸ್ತಂಭಗಳನ್ನು ಕಂಡೆವು. ಹೆಸರಿಗೆ ಹನ್ನೆರಡು, ಇರುವುವು ಅದಕ್ಕಿಂತ ಕಡಮೆ. 2005ರಲ್ಲಿ ಒಂದು ಸ್ತಂಭವು ಕ್ಷಣಮಾತ್ರದಲ್ಲಿ ಕುಸಿದುಬಿದ್ದಿತು. ಸಮೀಪದಲ್ಲಿಯೇ ಲಾಕ್ ಆರ್ಡ್ ಎಂಬ ಕಮರಿಯುಂಟು. 1878ರ ಜೂನ್ 1ರಂದು, ಇಂಗ್ಲೆಂಡಿನಿಂದ ಮೆಲ್ಬರ್ನಿಗೆ ಬರುತ್ತಿದ್ದ ಅದೇ ಹೆಸರಿನ ಹಡಗು ಇಲ್ಲಿ ಒಡೆಯಿತು. 54 ಮಂದಿಯಲ್ಲಿ ಉಳಿದವರು ಇಬ್ಬರೇ. ಟಾಮ್ ಪಿಯರ್ಸ್ ಎಂಬ ಎಳೆಯ ನಾವಿಕನು ಮರಳಿ ನೀರಿಗೆ ಧುಮುಕಿ, ಈವಾ ಕಾರ್ಮೈಕೇಲ್ ಎಂಬ ಯುವತಿಯನ್ನು ದಡಕ್ಕೆ ಎಳೆತಂದನು. ಜೊತೆಯಲ್ಲಿ ಬಂದಿದ್ದ ತಂದೆತಾಯಿಗಳನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡ ಆಕೆ, ಕೆಲವು ತಿಂಗಳುಗಳ ಬಳಿಕ ಐರ್ಲೆಂಡಿಗೆ ಹಿಂದಿರುಗಿದಳು. ಆಕೆಯ ತಾಯಿಯ ಗೋರಿ ಬಂಡೆಯ ಮೇಲಿದೆ.

ಆ ಗೋರಿಯ ಮುಂದೆ ಮಗಳು ಬಹಳ ಹೊತ್ತು ನಿಂತಳು. “ಅಪ್ಪನ ಬಳಿ ನಾನಿರಲಿಲ್ಲ. ನಿನಗೆ ನನ್ನ ಮೇಲೆ ಕೋಪವಿಲ್ಲವೆ, ಅಮ್ಮಾ?” ಎಂದಳು.

“ಇತ್ತು,” ಎಂದೆನು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ನೀನು ಅಲ್ಲಿ ಒಬ್ಬಳೇ ಅತ್ತಿರಬೇಕೆಂದು ನಾನು ನೆನೆಯಲೇ ಇಲ್ಲ.”

ಆ ರಾತ್ರಿ ಕ್ಯಾರವಾನಿನ ಸಣ್ಣ ದೀಪದಡಿಯಲ್ಲಿ ಆಕೆಗೆ ತಂದೆಯ ಕಡೆಯ ದಿನಗಳನ್ನೆಲ್ಲ ಹೇಳಿದೆನು. ಹೇಳಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿದ್ದ ಅನ್ನವು ಸೀದುಹೋಯಿತು.

ಮರುದಿನ ವಾರ್ನಂಬೂಲಿನ ಕರೆಯಲ್ಲಿ ತಾಯಿತಿಮಿಂಗಿಲವೊಂದು ಮರಿಯನ್ನು ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಈಜುತ್ತಿತ್ತು. ಚಳಿಗಾಲದಲ್ಲಿ ಅವು ಮರಿಹಾಕಲು ಅಲ್ಲಿಗೆ ಬರುತ್ತವೆ. ನಾವಿಬ್ಬರೂ ಒಂದೇ ಶಾಲನ್ನು ಹೊದೆದು ನೋಡುತ್ತ ನಿಂತೆವು.