ಕೆಳಗಿಳಿದ ಎರಡು

ಕಾಸರಗೋಡಿನ ನಮ್ಮ ಮಕ್ಕಳಿಗೆ ಪ್ರಶ್ನೆಗಳು ಕನ್ನಡದಲ್ಲಿಯೇ ದೊರೆಯಬೇಕೆಂಬ ಹಟದಿಂದ, ಕಳೆದ ವರ್ಷ ಏಳನೆಯ ತರಗತಿಯ ಗಣಿತ ಪತ್ರಿಕೆಯನ್ನು ನಾನೇ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದೆ. 5² + 12² ಎಂದು ಬರೆದುದನ್ನು ಬೇರೊಂದು ಕಡತಕ್ಕೆ ಬರಿಯ ಅಕ್ಷರಗಳಾಗಿ ಅಂಟಿಸುವಾಗ, ಮೇಲಿನ ಎರಡುಗಳು ಕೆಳಗಿಳಿದು 52 + 122 ಆಗಿಬಿಟ್ಟವು. ನಾನು ಗಮನಿಸಲಿಲ್ಲ. ಮಕ್ಕಳು ವಿಧೇಯರಾಗಿ 174 ಎಂದು ಬರೆದರು. ನನ್ನ ಉತ್ತರಪತ್ರಿಕೆಯಲ್ಲಿ 169! “ಮಾಷ್ಟ್ರೇ, ಇದು ಮೂರನೇ ಕ್ಲಾಸಿನ ಲೆಕ್ಕ ಅಲ್ವಾ?” ಎಂದು ಹುಡುಗಿಯೊಬ್ಬಳು ಕೇಳಿದಾಗ ನಾಚಿಕೆಯಾಯಿತು. ಎಲ್ಲರಿಗೂ ಪೂರ್ಣ ಅಂಕ ಕೊಟ್ಟೆ.

ಲಿಬ್ರೆ ಆಫೀಸಿನಲ್ಲಿ ಸೂತ್ರಗಳಿಗೆಂದೇ ‘ಮ್ಯಾತ್’ ಎಂಬ ವಿಭಾಗವಿರುವುದನ್ನು ಕಿರಿಯ ಅಧ್ಯಾಪಿಕೆಯೊಬ್ಬರು ತೋರಿಸಿಕೊಟ್ಟರು. ಭಿನ್ನರಾಶಿಯ ಅಂಶ, ಛೇದಗಳ ನಡುವೆ ‘ಓವರ್’ ಎಂಬ ಇಂಗ್ಲಿಷ್ ಪದ, ಘಾತಕ್ಕೆ ^ ಚಿಹ್ನೆ. ಇಷ್ಟಾದರೆ ಸೂತ್ರವು ಚಿತ್ರದಂತೆ ಇಡಿಯಾಗಿ ಪುಟದಲ್ಲಿ ಕುಳಿತುಕೊಳ್ಳುತ್ತದೆ. ಆದರೂ ಅಚ್ಚಾದ ಪತ್ರಿಕೆಗೆ ಮೊದಲು ನಾನೇ ಉತ್ತರ ಬರೆದು ನೋಡುತ್ತೇನೆ.