ಒಂದೇ ತಾರೀಖಿನವರು

ಸರ್ಕಾರಿ ದಾಖಲೆ ಪ್ರಕಾರ ನಾನು ಹುಟ್ಟಿದ್ದು 1964ರ ಜೂನ್ 1ರಂದು. ನಮ್ಮ ಕ್ಲಾಸಿನಲ್ಲಿ ಅದೇ ತಾರೀಖಿನವರು ಇನ್ನೂ ಹತ್ತು ಹದಿನೈದು ಜನ ಇದ್ದರು. ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ಯಾವತ್ತು ಹುಟ್ಟಿದ್ದು ಅಂತ ಕೇಳಿದ್ದಕ್ಕೆ ನಮ್ಮಮ್ಮ, "ಮಾನೌಮಿ ಕಳೆದ್ ಮ್ಯಾಲೆ ಸಾ, ಶೇಂಗಾ ಕೀಳೋ ಹೊತ್ನಾಗೆ" ಅಂದಳಂತೆ. ಮೇಷ್ಟ್ರು ತಲೆ ಕೆಡಿಸಿಕೊಳ್ಳದೆ ಶಾಲೆ ಶುರುವಾಗುವ ತಿಂಗಳ ಮೊದಲ ದಿನವನ್ನೇ ಬರೆದುಕೊಂಡರು. ಅದೇ ತಾರೀಖಿನ ಮೇಲೆ ನೌಕರಿ ಸಿಕ್ಕಿತು, ಅದೇ ತಾರೀಖಿನ ಮೇಲೆ ನಿವೃತ್ತಿಯೂ ಆಯಿತು. ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ಕುರ್ಚಿ ಬಿಡಬೇಕೆಂಬುದು ನಿಯಮ. ಹಾಗಾಗಿ 2024ರ ಮೇ 31ಕ್ಕೆ ಹಾರ ಹಾಕಿ, ಗಂಧದ ಬಣ್ಣದ ಶಾಲು ಹೊದಿಸಿ ಕಳಿಸಿದರು.

ಸ್ವಂತ ಹುಟ್ಟುಹಬ್ಬದ ಬಗ್ಗೆ ಇಷ್ಟೇ ತಿಳಿದಿರುವ ನನಗೆ ಬೇರೆಯವರ ಒಂದು ತಾರೀಖು ಮಾತ್ರ ಬಾಯಿಪಾಠ: ಸೆಪ್ಟೆಂಬರ್ 18. ಮೈಸೂರಿನ ಸಂಪತ್ ಕುಮಾರ್, ಅಂದರೆ ನಟ ವಿಷ್ಣುವರ್ಧನ್ ಹುಟ್ಟಿದ್ದು 1950ರ ಆ ದಿನ. ಅದೇ ವರ್ಷದ ಅದೇ ದಿನ ಉರ್ದು ಕವಿ ಕೈಫಿ ಆಜ್ಮಿ ಮತ್ತು ರಂಗನಟಿ ಶೌಕತ್ ದಂಪತಿಗೆ ಮಗಳು ಶಬಾನಾ ಹುಟ್ಟಿದಳು. ಮುಂದೆ 1968ರಲ್ಲಿ ನಟ ಉಪೇಂದ್ರ, 1975ರಲ್ಲಿ ನಟಿ ಶ್ರುತಿ. ಎಲ್ಲರದೂ ಸೆಪ್ಟೆಂಬರ್ 18.

ಇವರಲ್ಲಿ ಮೊದಲನೆಯವರನ್ನು ನಾನು ನೋಡಿದ್ದು ಅವರು ಯಾರೆಂದು ನನಗಾಗಲಿ ನಾಡಿಗಾಗಲಿ ಗೊತ್ತಿಲ್ಲದಿದ್ದಾಗ. 1972ರಲ್ಲಿ ಪುಟ್ಟಣ್ಣ ಕಣಗಾಲ್ 'ನಾಗರಹಾವು' ಚಿತ್ರೀಕರಣಕ್ಕೆ ನಮ್ಮ ಚಿತ್ರದುರ್ಗದ ಕೋಟೆಗೆ ಬಂದಿದ್ದರು. ಸ್ಕೂಲು ತಪ್ಪಿಸಿ ಬಂಡೆ ಹತ್ತಿ ಕೂತ ನಮಗೆ ಕಂಡದ್ದು ಬೆಳ್ಳಿ ಕಾಗದ ಅಂಟಿಸಿದ ಹಲಗೆಗಳು, ಕೊಡೆಗಳು, ಬೆವರು ಒರೆಸಿಕೊಳ್ಳುವ ಗಂಡಸರು. ತೆಳ್ಳಗಿನ ಒಬ್ಬ ಹುಡುಗ ಅದೇ ಬಂಡೆಯಿಂದ ಮತ್ತೆ ಮತ್ತೆ ಇಳಿದು ಬರುತ್ತಿದ್ದ. ಸಿನಿಮಾ ಅಂದರೆ ಇಷ್ಟೇನಾ ಅನ್ನಿಸಿ ಮಧ್ಯಾಹ್ನದ ಹೊತ್ತಿಗೆ ನಾವೆಲ್ಲ ಸೀಬೆಹಣ್ಣು ಹುಡುಕಿಕೊಂಡು ಹೊರಟುಹೋದೆವು. "ಇವ್ನು ಹೀರೋ ಆದ್ರೆ ನಮ್ ಬಸಣ್ಣನೂ ಹೀರೋನೇ" ಎಂಬುದು ಕೋಟೆ ಬಾಗಿಲ ಟೀ ಅಂಗಡಿಯ ತೀರ್ಪು. ಬಸಣ್ಣ ಎತ್ತಿನಗಾಡಿ ಹೊಡೆಯುತ್ತಿದ್ದವನು.

ಆ ಡಿಸೆಂಬರ್ ಕೊನೆಗೆ ಚಿತ್ರ ತೆರೆಕಂಡಿತು. ನಮ್ಮೂರಿಗೆ ಬಂದಾಗ ಜನ ನಾಯಕ ರಾಮಾಚಾರಿಯನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಬಂಡೆಗಳನ್ನು ನೋಡಿದರು. "ಅದು ಓಬವ್ವನ ಕಿಂಡಿ ಕಣ್ರೋ", "ಆ ಬುರುಜಿನ ಹಿಂದೆ ನಮ್ಮ ಹೊಲ" ಎಂದು ಕೂಗುವವರ ನಡುವೆ ಸಂಭಾಷಣೆ ಕೇಳಿಸಿಕೊಳ್ಳುವುದೇ ಕಷ್ಟ. ಕಾದಂಬರಿ ಬರೆದ ತ.ರಾ.ಸು. ಅವರಿಗೆ ಸಿನಿಮಾ ಹಿಡಿಸಿಲ್ಲವಂತೆ ಎಂಬುದು ಓದು ಬರಹ ಬಲ್ಲವರ ನಡುವೆ ದೊಡ್ಡ ಚರ್ಚೆ. ನಮಗೆ ಅದೆಲ್ಲ ಬೇಕಿರಲಿಲ್ಲ. ಚಾಮಯ್ಯ ಮೇಷ್ಟ್ರೊಬ್ಬರ ಮಾತಿಗೆ ಮಾತ್ರ ತಲೆಬಾಗುವ ರಾಮಾಚಾರಿ ಸಾಕಾಗಿತ್ತು. ಸಂಪತ್ ಕುಮಾರನಿಗೆ ವಿಷ್ಣುವರ್ಧನ ಎಂದು ಹೆಸರಿಟ್ಟವರು ಪುಟ್ಟಣ್ಣನೇ. ಹೊಸ ಹೆಸರು ಊರಿನ ಬಾಯಲ್ಲಿ ಕೂರಲು ವಾರವೂ ಹಿಡಿಯಲಿಲ್ಲ. ಬಸಣ್ಣನ ಹೆಸರನ್ನು ಮತ್ತೆ ಯಾರೂ ಎತ್ತಲಿಲ್ಲ.

ಅವರ ಹುಟ್ಟುಹಬ್ಬ ಯಾವತ್ತು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ನಟನಿಗೊಂದು ಹುಟ್ಟಿದ ದಿನವಿದೆ, ಅದನ್ನು ಊರು ಆಚರಿಸಬೇಕು ಎಂಬ ಕಲ್ಪನೆಯೇ ನಮ್ಮ ಕಡೆ ಇರಲಿಲ್ಲ. ಜಾತ್ರೆಗೆ ಬರುತ್ತಿದ್ದ ನಾಟಕ ಕಂಪನಿಗಳಲ್ಲಿ ನಟನಿಗೆ ಮೀಸಲಾದ ರಾತ್ರಿ ಎಂದರೆ ಬೆನಿಫಿಟ್ ನೈಟ್. ಅವತ್ತಿನ ಕಲೆಕ್ಷನ್ ಅವನಿಗೆ ಸೇರುತ್ತಿತ್ತು. ಹುಟ್ಟಿದ ದಿನಕ್ಕಿಂತ ಅದು ಉಪಯೋಗದ ದಿನ. ಸಾಲ ತೀರುತ್ತಿತ್ತು.

ಶಬಾನಾ ಆಜ್ಮಿಯನ್ನು ನೋಡಲು ನಾನು ಬೆಂಗಳೂರಿಗೆ ಬರಬೇಕಾಯಿತು. ಕಾಲೇಜು ದಿನಗಳಲ್ಲಿ ಫಿಲ್ಮ್ ಸೊಸೈಟಿಯೊಂದರ ಪ್ರದರ್ಶನಕ್ಕೆ ಗೆಳೆಯ ಎಳೆದುಕೊಂಡು ಹೋದ. ಶ್ಯಾಮ್ ಬೆನಗಲ್ ಅವರ 'ಅಂಕುರ್'. ಹೋದದ್ದು ನಮ್ಮ ಅನಂತನಾಗ್ ಇದ್ದಾರೆಂದು. ನೋಡುತ್ತ ಕೂತದ್ದು ಲಕ್ಷ್ಮಿ ಎಂಬ ಕೂಲಿ ಹೆಂಗಸನ್ನು. ಕುಕ್ಕರಗಾಲಲ್ಲಿ ಕೂರುವುದು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುವುದು, ಧಣಿಯ ಮಗ ಕರೆದಾಗ ಒಂದು ಕ್ಷಣ ತಡೆದು ಏಳುವುದು, ಎಲ್ಲವೂ ನಮ್ಮೂರ ಹೊಲಗಳಲ್ಲಿ ಕಂಡ ಹಾಗೇ ಇತ್ತು. ಆಕೆ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿದವಳು, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವಳು ಎಂದು ಆಮೇಲೆ ತಿಳಿದಾಗ ಸ್ವಲ್ಪ ಮೋಸ ಹೋದ ಹಾಗನ್ನಿಸಿತು. 1974ರ ಆ ಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಬಂದಿತ್ತು.

ಇಬ್ಬರೂ ಒಂದೇ ದಿನ ಹುಟ್ಟಿದವರೆಂದು ಪತ್ರಿಕೆಯ ಮೂಲೆಯಲ್ಲಿ ಓದಿ ಹೇಳಿದವನು ರೂಮ್‌ಮೇಟ್. ಜಾತಕದ ಹುಚ್ಚಿದ್ದವನು. ಒಂದೇ ಕುಂಡಲಿಯಲ್ಲಿ ಒಬ್ಬರಿಗೆ ರಾಷ್ಟ್ರಪ್ರಶಸ್ತಿ ಯೋಗ, ಇನ್ನೊಬ್ಬರಿಗೆ ಕಟೌಟ್ ಯೋಗ ಹೇಗೆ ಬಂತೆಂದು ಕೇಳಿದ್ದಕ್ಕೆ "ಹುಟ್ಟಿದ ಗಳಿಗೆ ಬೇರೆ ಇರುತ್ತೆ ಮಾರಾಯ" ಅಂದ. ಶಾಸ್ತ್ರಕ್ಕೆ ಯಾವಾಗಲೂ ಒಂದು ಹಿಂಬಾಗಿಲಿರುತ್ತದೆ.

ಅಷ್ಟಾಗಿ ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಹೊರಟವರಲ್ಲ. ರಾಮಾಚಾರಿ ಆಗುವ ಮೊದಲೇ ವಿಷ್ಣು 'ವಂಶವೃಕ್ಷ'ದಲ್ಲಿ ನಟಿಸಿದ್ದರು. ಭೈರಪ್ಪನವರ ಆ ಕಾದಂಬರಿಯನ್ನು ಸಿನಿಮಾ ಮಾಡಿದವರು ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತ. ನಾಲ್ಕೇ ವರ್ಷದಲ್ಲಿ, 'ನಿಶಾಂತ್'ನಲ್ಲಿ, ಅದೇ ಕಾರ್ನಾಡ ಹಳ್ಳಿಯ ಮೇಷ್ಟ್ರು, ಶಬಾನಾ ಅವರ ಹೆಂಡತಿ. 1977ರಲ್ಲಿ ಎಂ.ಎಸ್. ಸತ್ಯು 'ಕನ್ನೇಶ್ವರ ರಾಮ' ಮಾಡಿದಾಗ ಶಬಾನಾ ಕನ್ನಡಕ್ಕೇ ಬಂದರು. ಎದುರಿಗೆ ಮತ್ತೆ ಅನಂತನಾಗ್, ಸಂಗೀತ ಮತ್ತೆ ಕಾರಂತರದು. ಅದೇ ವರ್ಷ ಆಕೆ 'ಅಮರ್ ಅಕ್ಬರ್ ಆಂಥೋನಿ'ಯಲ್ಲೂ ಇದ್ದರು ಎಂಬುದನ್ನು ಕಲಾತ್ಮಕ ಸಿನಿಮಾದ ಗೆಳೆಯರು ಅಷ್ಟಾಗಿ ಹೇಳುತ್ತಿರಲಿಲ್ಲ. ಮನಮೋಹನ ದೇಸಾಯಿ ಯಾರನ್ನೂ ಬಿಟ್ಟವರಲ್ಲ.

ದಾರಿ ನಿಜಕ್ಕೂ ಕವಲೊಡೆದದ್ದು ಎಂಬತ್ತರ ದಶಕದಲ್ಲಿ. 1984ನ್ನೇ ತೆಗೆದುಕೊಳ್ಳಿ, ಇಬ್ಬರಿಗೂ 34. ಶಬಾನಾ 'ಪಾರ್'ನಲ್ಲಿ ಬಸುರಿ ಹೆಂಗಸು. ಹೊಟ್ಟೆಪಾಡಿಗೆ ಗಂಡನ ಜೊತೆ ಹಂದಿಗಳ ಹಿಂಡನ್ನು ಈಜಿಸಿಕೊಂಡು ಹೊಳೆ ದಾಟಬೇಕು. ವಿಷ್ಣುವರ್ಧನ್ 'ಬಂಧನ'ದ ಡಾಕ್ಟರ್ ಹರೀಶ್. ಪ್ರೀತಿಸಿದ ಹುಡುಗಿ ಇನ್ನೊಬ್ಬನನ್ನು ಮದುವೆಯಾದ ಮೇಲೂ ಸಂಯಮ ಕಳೆದುಕೊಳ್ಳದ ಮನುಷ್ಯ. ಎರಡನ್ನೂ ನಾನು ಮೆಚ್ಚಿದೆ. 'ಅರ್ಥ್', 'ಖಂಡಹರ್', 'ಪಾರ್' ಚಿತ್ರಗಳಿಗೆ ಶಬಾನಾಗೆ ಒಂದರ ಹಿಂದೊಂದು ರಾಷ್ಟ್ರಪ್ರಶಸ್ತಿ ಬಂತು. ವಿಷ್ಣುಗೆ ರಾಜ್ಯಪ್ರಶಸ್ತಿಗಳು ಬಂದವು, ರಾಷ್ಟ್ರಪ್ರಶಸ್ತಿ ಕೊನೆಯವರೆಗೂ ಬರಲಿಲ್ಲ. ಅದಕ್ಕಾಗಿ ಇವತ್ತಿಗೂ ಕೊರಗುವವರಿದ್ದಾರೆ. ನನ್ನ ಮಾತು ಅಭಿಮಾನಿಗಳಿಗೆ ಹಿಡಿಸಲಿಕ್ಕಿಲ್ಲ, ಆದರೂ ಹೇಳುತ್ತೇನೆ: ಅವರ ಇನ್ನೂರಕ್ಕೂ ಮೀರಿದ ಚಿತ್ರಗಳಲ್ಲಿ ಮತ್ತೊಮ್ಮೆ ಕೂತು ನೋಡಬೇಕೆನಿಸುವಂಥವು ಇಪ್ಪತ್ತು ಇಪ್ಪತ್ತೈದು ಇದ್ದರೆ ಹೆಚ್ಚು. 1982ರ 'ಸಾಹಸಸಿಂಹ' ಅವರಿಗೆ ಬಿರುದೊಂದನ್ನು ಕೊಟ್ಟಿತು. ಆ ಬಿರುದು ಹೊತ್ತವನು ಸೋಲುವ ಹಾಗಿಲ್ಲ, ಹೆದರುವ ಹಾಗಿಲ್ಲ, ಒದೆ ತಿಂದು ಸುಮ್ಮನೆ ಮನೆಗೆ ಹೋಗುವ ಹಾಗಂತೂ ಇಲ್ಲವೇ ಇಲ್ಲ. ಶಬಾನಾಗೆ ಆ ತೊಂದರೆ ಇರಲಿಲ್ಲ. ಆಕೆ ಸೋತರೆ ಬೀದಿಯಲ್ಲಿ ಯಾರೂ ಟೈರು ಸುಡುತ್ತಿರಲಿಲ್ಲ.

ಆದ್ದರಿಂದಲೇ ನನಗೆ ವಿಷ್ಣುವರ್ಧನ್ ಅಂದರೆ ಮೊದಲು ನೆನಪಾಗುವುದು ಅವರ ದೊಡ್ಡ ಚಿತ್ರ ಯಾವುದೂ ಅಲ್ಲ. ಶಂಕರನಾಗ್ ದೂರದರ್ಶನಕ್ಕೆ ಮಾಡಿದ 'ಮಾಲ್ಗುಡಿ ಡೇಸ್'ನ ಒಂದು ಕಂತು. ಆರ್.ಕೆ. ನಾರಾಯಣರ ಕತೆ. ವೆಂಕಟರಾಯ ಎಂಬ ಗುಮಾಸ್ತ ಪುಟ್ಟ ಮಗಳಿಗೆ ಸಾಯಂಕಾಲ ಸಿನಿಮಾ ತೋರಿಸುತ್ತೇನೆಂದು ಮಾತು ಕೊಟ್ಟಿರುತ್ತಾನೆ. ಆಫೀಸಿನಲ್ಲಿ ಸಾಹೇಬ ಬಿಡುವುದಿಲ್ಲ. ರೋಸಿ ರಾಜೀನಾಮೆ ಬರೆದು ತೆಗೆದುಕೊಂಡು ಹೋಗುತ್ತಾನೆ. ಅಷ್ಟರಲ್ಲಿ ಸಂಬಳ ನಲವತ್ತರಿಂದ ನಲವತ್ತೈದು ರೂಪಾಯಿ ಆಗಿದೆಯೆಂದು ಗೊತ್ತಾಗುತ್ತದೆ, ರಾಜೀನಾಮೆ ಜೇಬಿನಲ್ಲೇ ಉಳಿಯುತ್ತದೆ. ಮನೆಗೆ ಬರುವಷ್ಟರಲ್ಲಿ ಮಗು ಹೊಸ ಬಟ್ಟೆಯಲ್ಲೇ ನಿದ್ದೆ ಹೋಗಿರುತ್ತದೆ. ಎಂಬತ್ತರ ದಶಕದ ನಡುವೆ ಅದು ಪ್ರಸಾರವಾದಾಗ ನಾನು ಕೆಲಸಕ್ಕೆ ಸೇರಿದ ಹೊಸತು. ಪಕ್ಕದ ಮನೆಯವರ ಕಪ್ಪುಬಿಳುಪು ಟೀವಿ ಮುಂದೆ ಹತ್ತು ಹನ್ನೆರಡು ಜನ ಕೂತಿದ್ದೆವು. "ಏನಿದು, ಒಂದು ಏಟೂ ಹೊಡೀಲಿಲ್ವಲ್ಲ" ಅಂತ ಒಬ್ಬ ಹುಡುಗ ಬೇಜಾರು ಮಾಡಿಕೊಂಡ. ಅದಾಗಿ ನಿವೃತ್ತಿಯಾಗುವವರೆಗೂ ನಾನು ಮಾಡಿದ್ದು ಆ ವೆಂಕಟರಾಯನ ಕೆಲಸವೇ. ಇನ್‌ಕ್ರಿಮೆಂಟು ಬಂದಾಗಲೆಲ್ಲ ಆ ಮುಖ ಕಣ್ಣೆದುರು ಬರುತ್ತಿತ್ತು.

ಈ ತಾರೀಖಿನ ಉಳಿದ ಇಬ್ಬರ ಬಗ್ಗೆ ಹೆಚ್ಚು ಹೇಳುವಷ್ಟು ಬಳಕೆ ನನಗಿಲ್ಲ. ಶ್ರುತಿ ರಂಗಭೂಮಿ ಕುಟುಂಬದ ಹುಡುಗಿ. 1990ರಲ್ಲಿ ದ್ವಾರಕೀಶ್ ಆಕೆಯ ಹೆಸರಲ್ಲೇ ಸಿನಿಮಾ ತೆಗೆದರು. ಆಮೇಲಿನ ಹತ್ತು ವರ್ಷ ಮ್ಯಾಟಿನಿಗೆ ಹೋದ ಹೆಂಗಸರು ಕರ್ಚೀಫು ಮರೆಯದೆ ಒಯ್ಯುವಂತೆ ಮಾಡಿದರು. ನನ್ನ ಹೆಂಡತಿಯೂ ಅವರಲ್ಲೊಬ್ಬಳು. ಅತ್ತು ಬಂದ ರಾತ್ರಿ ಅಡಿಗೆಗೆ ಉಪ್ಪು ಜಾಸ್ತಿಯಾಗುತ್ತಿತ್ತು ಎಂದು ನಾನಂದರೆ ಅವಳು ಒಪ್ಪುವುದಿಲ್ಲ. 1999ರ 'ವೀರಪ್ಪನಾಯ್ಕ'ದಲ್ಲಿ ವಿಷ್ಣು ಮತ್ತು ಶ್ರುತಿ ಒಟ್ಟಿಗೆ ಬಂದರು, ಒಂದೇ ತಾರೀಖಿನ ಜೋಡಿ. ಉಪೇಂದ್ರ ಅಷ್ಟರಲ್ಲಿ 'ಓಂ' ನಿರ್ದೇಶಿಸಿ, 'ಎ' ಚಿತ್ರವನ್ನು ಬುದ್ಧಿವಂತರಿಗೆ ಮಾತ್ರ ಎಂದು ಹೇಳಿಕೊಂಡು ಬಿಡುಗಡೆ ಮಾಡಿ, ಕಾಲೇಜು ಹುಡುಗರನ್ನೆಲ್ಲ ತಮ್ಮ ಕಡೆ ಎಳೆದುಕೊಂಡಿದ್ದರು. ಬುದ್ಧಿವಂತನಲ್ಲ ಎಂದು ಒಪ್ಪಿಕೊಳ್ಳಲು ಯಾರಿಗಿಷ್ಟ, ನಾನೂ ಎರಡು ಸಲ ನೋಡಿದೆ. ಹುಟ್ಟುಹಬ್ಬದ ಬೆಲೆ ಉಪೇಂದ್ರರಿಗೆ ಚೆನ್ನಾಗಿ ಗೊತ್ತು. 2018ರಲ್ಲಿ ತಮ್ಮ ರಾಜಕೀಯ ಪಕ್ಷ ಘೋಷಿಸಿದ್ದೂ ಸೆಪ್ಟೆಂಬರ್ 18ರಂದೇ.

2009ರ ಡಿಸೆಂಬರ್ 30ರ ಬೆಳಗ್ಗೆ ವಿಷ್ಣುವರ್ಧನ್ ಮೈಸೂರಿನಲ್ಲಿ ತೀರಿಕೊಂಡರು. ವಯಸ್ಸು 59. ಬೆಂಗಳೂರಿನಲ್ಲಿ ಅಂಗಡಿಗಳು ಬಾಗಿಲು ಹಾಕಿದವು, ಬಸ್ಸು ನಿಂತವು. ಆಫೀಸಿನಿಂದ ಮನೆಗೆ ಒಂಬತ್ತು ಕಿಲೋಮೀಟರು ನಡೆದೆ. ದಾರಿಯಲ್ಲಿ ಕಲ್ಲು ಹಿಡಿದುಕೊಂಡು ನಿಂತಿದ್ದ ಹುಡುಗರ ಮುಖದಲ್ಲಿ ದುಃಖವಿರಲಿಲ್ಲ. ಇದು ನನ್ನ ಕಣ್ಣಿಗೆ ಕಂಡದ್ದು. ಅಭಿಮಾನ್ ಸ್ಟುಡಿಯೋ ಆವರಣದಲ್ಲಿ ಅಂತ್ಯಕ್ರಿಯೆ ನಡೆಯಿತು. ಎರಡು ತಿಂಗಳೊಳಗೆ ಅವರ 'ಆಪ್ತರಕ್ಷಕ' ಚಿತ್ರ ಬಿಡುಗಡೆಯಾಗಿ ಥಿಯೇಟರು ತುಂಬಿತು. ಸ್ಮಾರಕದ ಜಾಗದ ತಗಾದೆ ಕೋರ್ಟು ಕಚೇರಿ ಸುತ್ತುತ್ತ ವರ್ಷಗಟ್ಟಲೆ ಹೋಯಿತು. ಸರ್ಕಾರದ ಸ್ಮಾರಕ ಮೈಸೂರು ಹೊರವಲಯದಲ್ಲಿ 2023ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಸ್ಟುಡಿಯೋ ಆವರಣದ ಸಮಾಧಿಯನ್ನು 2025ರ ಆಗಸ್ಟ್‌ನಲ್ಲಿ ರಾತ್ರೋರಾತ್ರಿ ತೆರವು ಮಾಡಲಾಯಿತು. ಮುಂದಿನ ತಿಂಗಳು ಸಚಿವ ಸಂಪುಟ ಅವರಿಗೆ ಮರಣೋತ್ತರ ಕರ್ನಾಟಕ ರತ್ನ ಕೊಡಲು ತೀರ್ಮಾನಿಸಿತು. ಇವೆಲ್ಲ ಒಂದೇ ಮನುಷ್ಯನಿಗೆ ಆದವು ಎಂದು ನಂಬಲು ಪತ್ರಿಕೆಯ ಕಟಿಂಗುಗಳನ್ನು ಸಾಲಾಗಿ ಇಟ್ಟುಕೊಳ್ಳಬೇಕು.

ಆ ವರ್ಷಗಳಲ್ಲಿ ಶಬಾನಾ ಏನು ಮಾಡುತ್ತಿದ್ದರೆಂದರೆ, ಕೆಲಸ. ಕಾರ್ನಾಡರ 'ಒಡಕಲು ಬಿಂಬ'ವನ್ನು ನಾನು ಜೆ.ಪಿ. ನಗರದ ರಂಗಶಂಕರದಲ್ಲಿ ಅರುಂಧತಿ ನಾಗ್ ಮಾಡಿದ್ದಾಗ ನೋಡಿದ್ದೆ. ಕನ್ನಡದಲ್ಲಿ ಕತೆ ಬರೆಯುವ ಮಂಜುಳಾ ನಾಯಕ್ ಇಂಗ್ಲಿಷ್ ಕಾದಂಬರಿಯೊಂದರಿಂದ ಪ್ರಸಿದ್ಧಳಾಗಿ ಟೀವಿ ಸ್ಟುಡಿಯೋಗೆ ಬರುತ್ತಾಳೆ. ಭಾಷಣ ಮುಗಿದರೂ ಪರದೆಯ ಮೇಲಿನ ಅವಳದೇ ಬಿಂಬ ಆರಿಹೋಗದೆ ಪ್ರಶ್ನೆ ಕೇಳಲು ಶುರುಮಾಡುತ್ತದೆ. ಬಿಂಬವನ್ನು ಮೊದಲೇ ಚಿತ್ರೀಕರಿಸಿಟ್ಟಿರುತ್ತಾರೆ, ಆದ್ದರಿಂದ ಅದು ಯಾರಿಗೂ ಕಾಯುವುದಿಲ್ಲ. ವೇದಿಕೆ ಮೇಲಿನ ನಟಿ ಒಂದು ಗಳಿಗೆ ತಡವರಿಸಿದರೂ ಸಂಭಾಷಣೆ ತಪ್ಪಿಹೋಗುತ್ತದೆ. ಅದೇ ನಾಟಕವನ್ನು ಅಲೆಕ್ ಪದಮ್‌ಸೀ ನಿರ್ದೇಶನದಲ್ಲಿ ಇಂಗ್ಲಿಷಿನಲ್ಲಿ ಶಬಾನಾ ಮಾಡಿದರು, ಅರವತ್ತರ ಆಸುಪಾಸಿನಲ್ಲಿ. 2023ರಲ್ಲಿ ಒಂದು ಹಿಂದಿ ಚಿತ್ರದಲ್ಲಿ ಧರ್ಮೇಂದ್ರರಿಗೆ ಮುತ್ತು ಕೊಟ್ಟು ಸುದ್ದಿಯಾದರು. 2025ರಲ್ಲಿ 'ಡಬ್ಬಾ ಕಾರ್ಟೆಲ್' ಎಂಬ ಸರಣಿಯಲ್ಲಿ ಊಟದ ಡಬ್ಬಿಯ ವ್ಯವಹಾರಕ್ಕೆ ಅಂಟಿಕೊಂಡ ಮಾದಕವಸ್ತು ದಂಧೆಯ ಅತ್ತೆಯಾದರು. ಸಾಹಸಸಿಂಹನಿಗೆ ಇಂಥ ಪಾತ್ರ ಮಾಡಲು ನಾವು ಬಿಡುತ್ತಿದ್ದೆವೋ ಇಲ್ಲವೋ.

ಹೋದ ಸೆಪ್ಟೆಂಬರ್ 18, ಅಂದರೆ 2025ರದು, ಎಪ್ಪತ್ತೈದನೆಯದು. ಶಬಾನಾ ಅವರದು ಪತ್ರಿಕೆಯಲ್ಲಿ ಫೋಟೋ ಸಮೇತ ಬಂದಿತ್ತು, ಓದಿ ಮಡಚಿಟ್ಟೆ. ವಿಷ್ಣು ಅವರದು ನಮ್ಮ ಬೀದಿ ತಿರುವಿನ ಆಟೋಸ್ಟ್ಯಾಂಡಿನಲ್ಲಿ. ಫ್ಲೆಕ್ಸು, ಹೂವಿನ ಹಾರ, ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ, ಮೇಲೆ ಕೇಕು. ಮುಂದೆ ನಿಂತು ಓಡಾಡುತ್ತಿದ್ದ ಡ್ರೈವರ್ ಹುಡುಗನಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. 'ನಾಗರಹಾವು' ಬಂದಾಗ ಅವನಪ್ಪನೂ ಕೈಗೂಸಾಗಿದ್ದಿರಬೇಕು.

"ಎಷ್ಟನೇದಪ್ಪ?" ಅಂದೆ.

"ದಾದಾಗೆ ಎಪ್ಪತ್ತೈದು ಸಾರ್" ಅಂದ. ಬದುಕಿದ್ದಿದ್ದರೆ ಎಂಬ ಮಾತು ಸೇರಿಸಲಿಲ್ಲ.

ಕೇಕು ಕತ್ತರಿಸಿದ್ದು ಪಕ್ಕದ ಇಸ್ತ್ರಿ ಅಂಗಡಿಯವರ ನಾಲ್ಕು ವರ್ಷದ ಮಗ. ನನ್ನ ಕೈಗೂ ಕಾಗದದ ತಟ್ಟೆಯಲ್ಲಿ ಒಂದು ತುಂಡು ಬಂತು. ಡಯಾಬಿಟಿಸ್ ಅಂದರೂ ಬಿಡಲಿಲ್ಲ.

"ನಿಮ್ ಬರ್ತ್‌ಡೇ ಯಾವಾಗ ಸಾರ್?"

"ಜೂನ್ ಒಂದು."

"ಹೌದಾ? ನಮ್ಮಪ್ಪಂದೂ ಅದೇ ಸಾರ್" ಅಂದವನು ಚಿತ್ರಾನ್ನ ಬಡಿಸಲು ಹೋದ.